ಒಡೆಯ ದಾರಿ ಬದಲಿಸಿದ ಮೇಲೆ: ಕ್ಯೂಟ್ ಆಂಡ್ರಾಯ್ಡ್‌ಗೆ ಬಂದ ಬಗೆ

2011ರ ಫೆಬ್ರವರಿ 11ರಂದು ಲಂಡನ್ನಿನಲ್ಲಿ ನೋಕಿಯಾದ ಮುಖ್ಯಸ್ಥ ಸ್ಟೀಫನ್ ಇಲಾಪ್ ಅವರು, ತಮ್ಮ ಕಂಪನಿಯ ಮುಂದಿನ ಸ್ಮಾರ್ಟ್‌ಫೋನ್‌ಗಳಿಗೆ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ವ್ಯವಸ್ಥೆಯೇ ಮುಖ್ಯ ಆಧಾರವಾಗಲಿದೆ ಎಂದು ಘೋಷಿಸಿದರು. ಅದುವರೆಗೆ ನೋಕಿಯಾ ತನ್ನ ಫೋನ್‌ಗಳಿಗೆ ಆಪ್ ಬರೆಯಲು ತನ್ನದೇ ಒಡೆತನದ ‘ಕ್ಯೂಟ್’ ಎಂಬ ಫ್ರೇಮ್‌ವರ್ಕನ್ನು, ಅಂದರೆ ಆಪ್ ಕಟ್ಟುವ ಸಿದ್ಧ ಚೌಕಟ್ಟನ್ನು, ಬಳಸಿರೆಂದು ಎಲ್ಲರಿಗೂ ಹೇಳುತ್ತ ಬಂದಿತ್ತು. ಹೊಸ ವ್ಯವಸ್ಥೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಆ ಮಾತು ನಂಬಿ ವರ್ಷಗಟ್ಟಲೆ ಕಲಿತವರ ಕಾಲಕೆಳಗಿನ ನೆಲ ಒಂದೇ ದಿನದಲ್ಲಿ ಕುಸಿದಂತಾಯಿತು. ಒಂಬತ್ತು ದಿನಗಳ ನಂತರ, ಫೆಬ್ರವರಿ 20ರಂದು, ರೊಮೇನಿಯಾದ ಬೊಗ್ದಾನ್ ವಾತ್ರಾ ಎಂಬ ಪ್ರೋಗ್ರಾಮರ್ ಕ್ಯೂಟ್ ಅನ್ನು ಆಂಡ್ರಾಯ್ಡ್ ಮೇಲೆ ಓಡಿಸುವ ತಂತ್ರಾಂಶದ ಮೊದಲ ಆಲ್ಫಾ (ಪ್ರಾಯೋಗಿಕ) ಆವೃತ್ತಿಯನ್ನು ಹೊರತಂದರು. ಅದಕ್ಕೆ ಅವರಿಟ್ಟ ಹೆಸರು ‘ನೆಸೆಸಿಟಾಸ್’. ಲ್ಯಾಟಿನ್‌ನಲ್ಲಿ ಅನಿವಾರ್ಯತೆ ಎಂದು ಇದರರ್ಥ, ರೋಮನ್ನರ ಒಬ್ಬ ದೇವತೆಯ ಹೆಸರೂ ಹೌದು.

ಒಂಬತ್ತು ದಿನಗಳಲ್ಲಿ ಮುಗಿಯುವ ಕೆಲಸ ಅದಾಗಿರಲಿಲ್ಲ. ಅದರ ಆರಂಭ ಹಿಂದಿನ ವರ್ಷವೇ ಆಗಿತ್ತು. ಆದರೆ ಡೆಸ್ಕ್‌ಟಾಪ್‌ಗೆಂದು ಹುಟ್ಟಿದ, ಲಕ್ಷಾಂತರ ಸಾಲುಗಳ ಕೋಡ್ ಇರುವ ಒಂದು ಫ್ರೇಮ್‌ವರ್ಕನ್ನು ಯಾವ ಕಂಪನಿಯ ಅಪ್ಪಣೆಯೂ ಇಲ್ಲದೆ ಇನ್ನೊಂದು ಕಂಪನಿಯ ಫೋನ್ ವ್ಯವಸ್ಥೆಗೆ ಒಗ್ಗಿಸಲು ಸಾಧ್ಯವಾದದ್ದಾದರೂ ಹೇಗೆ ಎಂಬುದು ವಿವರವಾಗಿ ನೋಡಬೇಕಾದ ಸಂಗತಿ. ನನ್ನ ತಿಳಿವಿನಲ್ಲಿ ಅದಕ್ಕೆ ಎರಡು ಕಾರಣಗಳಿವೆ. ಒಂದು, ಕ್ಯೂಟ್‌ನ ರಚನೆಯಲ್ಲಿ ಹೊರಗಿನ ವ್ಯವಸ್ಥೆಯನ್ನು ಮುಟ್ಟುವ ಭಾಗವನ್ನು ಉಳಿದದ್ದರಿಂದ ಬೇರ್ಪಡಿಸುವ ಕತ್ತರಿ ಸರಿಯಾದ ಜಾಗದಲ್ಲಿ ಬಿದ್ದಿತ್ತು. ಇನ್ನೊಂದು, ಅದರ ಪರವಾನಗಿ ಹಾಗೆ ಕತ್ತರಿಸುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತ್ತು.

ಪರದೆಯ ಮೇಲೆ ಒಂದು ಗುಂಡಿ ಕಾಣಿಸಬೇಕಾದರೆ ವಿಂಡೋಸ್‌ನಲ್ಲಿ ಒಂದು ಬಗೆಯ ಕೋಡ್ ಬೇಕು, ಲಿನಕ್ಸ್‌ನಲ್ಲಿ ಇನ್ನೊಂದು ಬಗೆಯದು, ಮ್ಯಾಕ್‌ನಲ್ಲಿ ಮತ್ತೊಂದು. ಕ್ಯೂಟ್‌ನಂಥ ಫ್ರೇಮ್‌ವರ್ಕ್ ಈ ಮೂರರ ಮೇಲೂ ಒಂದೇ ಹೊದಿಕೆಯನ್ನು ಹಾಸುತ್ತದೆ: ಪ್ರೋಗ್ರಾಮರ್ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ‘ಇಲ್ಲೊಂದು ಗುಂಡಿ ಇರಲಿ, ಅದನ್ನು ಒತ್ತಿದಾಗ ಈ ಕೆಲಸ ನಡೆಯಲಿ’ ಎಂದು ಒಮ್ಮೆ ಬರೆದರೆ ಸಾಕು, ಉಳಿದ ಅನುವಾದವನ್ನೆಲ್ಲ ಫ್ರೇಮ್‌ವರ್ಕ್ ನೋಡಿಕೊಳ್ಳುತ್ತದೆ. ನಾರ್ವೆಯ ಹಾವರ್ಡ್ ನೋರ್ಡ್ ಮತ್ತು ಐರಿಕ್ ಚೇಂಬ್-ಎಂಗ್ 1991ರಲ್ಲಿ ಇದರ ಕೆಲಸಕ್ಕೆ ಕೈಹಚ್ಚಿದರು. 1995ರಲ್ಲಿ ಮೊದಲ ಸಾರ್ವಜನಿಕ ಆವೃತ್ತಿ ಬಂತು. ಅವರು ಕಟ್ಟಿದ ಟ್ರೋಲ್‌ಟೆಕ್ ಕಂಪನಿಯನ್ನು ನೋಕಿಯಾ 2008ರಲ್ಲಿ ಕೊಂಡಿತು.

ಮೊದಮೊದಲು ಪ್ರತಿಯೊಂದು ಹೊಸ ವ್ಯವಸ್ಥೆಗೆ ಒಗ್ಗಿಸುವಾಗಲೂ ಕ್ಯೂಟ್‌ನ ಒಡಲೊಳಗೆ ಹತ್ತಾರು ಕಡೆ ಕೈಹಾಕಬೇಕಾಗುತ್ತಿತ್ತು. ಇದನ್ನು ಸರಿಪಡಿಸಲು ಕ್ಯೂಟ್‌ನ ಎಂಜಿನಿಯರುಗಳು ‘ಲೈಟ್‌ಹೌಸ್’ ಎಂಬ ಹೆಸರಿನಲ್ಲಿ ಒಂದು ಮರುರಚನೆಗೆ ತೊಡಗಿದರು. ಕಿಟಕಿ ತೆರೆಯುವುದು, ಪರದೆಯ ಅಳತೆ ತಿಳಿಸುವುದು, ಚಿತ್ರಿಸಿದ ಪಿಕ್ಸೆಲ್‌ಗಳನ್ನು ಪರದೆಗೆ ಸಾಗಿಸುವುದು, ಕೀಲಿ ಮತ್ತು ಮೌಸ್‌ನ ಸುದ್ದಿಯನ್ನು ಒಳಕ್ಕೆ ತರುವುದು – ಹೊರಗಿನ ವ್ಯವಸ್ಥೆಯನ್ನು ಮುಟ್ಟುವ ಇಂಥ ಕೆಲಸಗಳನ್ನೆಲ್ಲ ಒಂದು ತೆಳುವಾದ ಪ್ಲಗಿನ್‌ಗೆ (ಹೊರಗಿನಿಂದ ಜೋಡಿಸುವ ಕೋಡ್ ತುಣುಕಿಗೆ) ಒಪ್ಪಿಸಿ, ಉಳಿದ ದೊಡ್ಡ ಒಡಲಿಗೆ ತಾನು ಯಾವ ವ್ಯವಸ್ಥೆಯ ಮೇಲೆ ಓಡುತ್ತಿದ್ದೇನೆಂಬ ಗೊಡವೆಯೇ ಇಲ್ಲದಂತೆ ಮಾಡುವುದು ಅದರ ಉದ್ದೇಶ. ವಾತ್ರಾ ಹಿಡಿದದ್ದು ಈ ಎಳೆಯನ್ನು. ಇಡೀ ಕ್ಯೂಟ್ ಅನ್ನು ಬದಲಿಸುವ ಬದಲು ಆಂಡ್ರಾಯ್ಡ್‌ಗೆಂದು ಒಂದು ಲೈಟ್‌ಹೌಸ್ ಪ್ಲಗಿನ್ ಬರೆದರೆ ಹೆಚ್ಚಿನ ಭಾರ ಇಳಿಯುತ್ತಿತ್ತು.

ಹಾಗೆಂದು ಆಂಡ್ರಾಯ್ಡ್ ಸುಲಭವಾಗಿ ಮಣಿಯಲಿಲ್ಲ. ಅದು ಜಾವಾ ಭಾಷೆಯ ಆಪ್‌ಗಳಿಗೆಂದು ರೂಪಿಸಿದ ವ್ಯವಸ್ಥೆ. ಸಿ ಮತ್ತು ಸಿ ಪ್ಲಸ್ ಪ್ಲಸ್ ಕೋಡ್ ಸೇರಿಸಲು ಬೇಕಾದ ಸಲಕರಣೆಗಳ ಪೆಟ್ಟಿಗೆಯನ್ನು, ಅಂದರೆ ಎನ್‌ಡಿಕೆಯನ್ನು, ಗೂಗಲ್ 2009ರ ಜೂನ್‌ನಲ್ಲಿ ಕೊಟ್ಟಿತಾದರೂ, ಸಿ ಪ್ಲಸ್ ಪ್ಲಸ್‌ನ ಕೆಲವು ಮೂಲಭೂತ ಸೌಕರ್ಯಗಳೇ ಅದರಲ್ಲಿ ಆರಂಭಕ್ಕೆ ಇರಲಿಲ್ಲ. ಲಿನಕ್ಸ್‌ನಲ್ಲಿ ಸಿಗುವ ದೊಡ್ಡ ಸಿ ಲೈಬ್ರರಿಯ (ಸಿದ್ಧ ಕೋಡ್‌ನ ಕಣಜದ) ಜಾಗದಲ್ಲಿ ಆಂಡ್ರಾಯ್ಡ್ ‘ಬಯೋನಿಕ್’ ಎಂಬ ಚಿಕ್ಕ ಲೈಬ್ರರಿಯನ್ನು ಇಟ್ಟುಕೊಂಡಿದೆ. ಥ್ರೆಡ್ ಒಂದನ್ನು, ಅಂದರೆ ಪ್ರೋಗ್ರಾಮಿನೊಳಗೆ ತನ್ನಷ್ಟಕ್ಕೆ ಓಡುವ ಕೆಲಸದ ಎಳೆಯೊಂದನ್ನು, ಹೊರಗಿನಿಂದ ರದ್ದುಪಡಿಸುವ ಕರೆಯಂಥ, ಡೆಸ್ಕ್‌ಟಾಪ್ ಕೋಡ್ ಸಹಜವೆಂದು ಎಣಿಸುವ ಕೆಲವು ಕರೆಗಳು ಅದರಲ್ಲಿಲ್ಲ. ಇವನ್ನೆಲ್ಲ ಒಂದೊಂದಾಗಿ ಹುಡುಕಿ ಬಳಸುದಾರಿ ಮಾಡುವುದು ಯಾರ ಕಣ್ಣಿಗೂ ಬೀಳದ, ಆದರೆ ಬಹಳ ತಾಳ್ಮೆ ಬೇಡುವ ಕೆಲಸ.

ನೆಸೆಸಿಟಾಸ್ ಕಂಡುಕೊಂಡ ಉಪಾಯ ಹೀಗಿತ್ತು. ಹೊರಗೆ ಜಾವಾದ ಒಂದು ತೆಳು ಚಿಪ್ಪು. ಆಂಡ್ರಾಯ್ಡ್‌ನ ದೃಷ್ಟಿಯಲ್ಲಿ ಅದು ಮಾಮೂಲಿ ಆಪ್. ಆ ಚಿಪ್ಪು ಕ್ಯೂಟ್‌ನ ಲೈಬ್ರರಿಗಳನ್ನು ಮೆಮೊರಿಗೆ ತಂದು, ಡೆಸ್ಕ್‌ಟಾಪ್ ಪ್ರೋಗ್ರಾಮಿನ ಆರಂಭಬಿಂದುವಾದ ‘ಮೇನ್’ ಎಂಬ ಫಂಕ್ಷನ್ನನ್ನು ಬೇರೆಯೇ ಒಂದು ಥ್ರೆಡ್‌ನಲ್ಲಿ ಚಾಲೂ ಮಾಡುತ್ತದೆ. ನೀವು ಪರದೆಯ ಮೇಲೆ ಬೆರಳಿಟ್ಟರೆ ಆ ಸುದ್ದಿ ಮೊದಲು ಮುಟ್ಟುವುದು ಆಂಡ್ರಾಯ್ಡ್‌ನ ಥ್ರೆಡ್‌ಗೆ. ಜಾವಾ ಚಿಪ್ಪು ಅದನ್ನು ಜಾವಾಕ್ಕೂ ಸಿ ಪ್ಲಸ್ ಪ್ಲಸ್‌ಗೂ ನಡುವಿನ ಜೆಎನ್‌ಐ ಎಂಬ ಸೇತುವೆ ದಾಟಿಸಿ ಪ್ಲಗಿನ್‌ಗೆ ಒಪ್ಪಿಸುತ್ತದೆ. ಪ್ಲಗಿನ್ ಅದನ್ನು ಕ್ಯೂಟ್‌ಗೆ ಅರ್ಥವಾಗುವ ಘಟನೆಯಾಗಿ ಬದಲಿಸಿ ಸರದಿಯಲ್ಲಿ ನಿಲ್ಲಿಸುತ್ತದೆ. ಕ್ಯೂಟ್‌ನ ಥ್ರೆಡ್ ಅದನ್ನು ಎತ್ತಿಕೊಂಡು ಯಾವ ಗುಂಡಿಯ ಮೇಲೆ ಬೆರಳು ಬಿತ್ತೆಂದು ಲೆಕ್ಕಹಾಕಿ, ಆ ಗುಂಡಿಯನ್ನು ಒತ್ತಿದ ಹಾಗೆ ಮತ್ತೆ ಚಿತ್ರಿಸುತ್ತದೆ. ಚಿತ್ರ ಅದೇ ದಾರಿಯಲ್ಲಿ ಹಿಂದಿರುಗಿ ಪರದೆ ಸೇರುತ್ತದೆ. ಇಷ್ಟೂ ನಡೆದರೂ ಬೆರಳಿಗೆ ತಡವಾದದ್ದು ತಿಳಿಯಬಾರದು.

ಟೈಪ್ ಮಾಡುವುದು ಇದಕ್ಕಿಂತ ಕಠಿಣ. ಡೆಸ್ಕ್‌ಟಾಪ್ ಕೀಬೋರ್ಡ್ ಒಂದು ಕೀಲಿ ಒತ್ತಿದಾಗ ಒಂದು ಸುದ್ದಿ ಕಳಿಸಿ ಸುಮ್ಮನಾಗುತ್ತದೆ. ಫೋನಿನ ಕೀಬೋರ್ಡ್ ಹಾಗಲ್ಲ. ಮುಂದಿನ ಪದವನ್ನು ಸೂಚಿಸಲು ಅದು ‘ಕರ್ಸರ್‌ನ ಹಿಂದೆ ಏನಿದೆ’ ಎಂದು ಆಪ್ ಅನ್ನು ಪದೇ ಪದೇ ಕೇಳುತ್ತದೆ, ಆಗಲೇ ಬರೆದದ್ದನ್ನು ಅಳಿಸಿ ಬೇರೆಯದನ್ನು ಕೂರಿಸುತ್ತದೆ. ಪ್ರಶ್ನೆ ಬರುವುದು ಆಂಡ್ರಾಯ್ಡ್‌ನ ಥ್ರೆಡ್‌ನಲ್ಲಿ, ಉತ್ತರ ಇರುವುದು ಕ್ಯೂಟ್‌ನ ಥ್ರೆಡ್‌ನಲ್ಲಿ. ಉತ್ತರಕ್ಕಾಗಿ ಆಂಡ್ರಾಯ್ಡ್‌ನ ಥ್ರೆಡ್ ಕಾಯುತ್ತಿರುವ ಗಳಿಗೆಯಲ್ಲೇ ಕ್ಯೂಟ್‌ನ ಥ್ರೆಡ್ ಬೇರಾವುದೋ ಕೆಲಸಕ್ಕೆ ಅದರ ದಾರಿ ನೋಡುತ್ತ ನಿಂತರೆ ಎರಡೂ ಅಲ್ಲಾಡವು. ಆಪ್ ಸ್ಪಂದಿಸುತ್ತಿಲ್ಲವೆಂಬ ಎಚ್ಚರಿಕೆ ಪರದೆಯ ಮೇಲೆ ಮೂಡುತ್ತದೆ. ಎರಡು ಥ್ರೆಡ್‌ಗಳ ಈ ಏರ್ಪಾಡು ಆಂಡ್ರಾಯ್ಡ್‌ನ ಕ್ಯೂಟ್‌ನಲ್ಲಿ ಬಹುಕಾಲ ಉಳಿಯಿತು, ಅದರೊಂದಿಗೆ ಅದರ ಕಿರಿಕಿರಿಯೂ.

ಕನ್ನಡದ ಓದುಗರು ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. ಅಂದಿನ ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡದ ಫಾಂಟೇ ಇರಲಿಲ್ಲ. ಕನ್ನಡದ ಪುಟ ತೆರೆದರೆ ಖಾಲಿ ಚೌಕಗಳ ಸಾಲು ಕಾಣುತ್ತಿದ್ದುದನ್ನು ನಮ್ಮಲ್ಲಿ ಅನೇಕರು ಮರೆತಿರಲಾರರು. ಫಾಂಟ್ ಇದ್ದಮಾತ್ರಕ್ಕೂ ಸಾಲದು, ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಸಕಾರ, ತಕಾರ, ರಕಾರ, ನಡುವೆ ಎರಡು ಹಲಂತ ಚಿಹ್ನೆ (್), ಕೊನೆಗೊಂದು ಸ್ವರಚಿಹ್ನೆ – ಹೀಗೆ ಆರು ಸಂಕೇತಗಳನ್ನು ಓದಿ, ಒತ್ತಕ್ಷರಗಳನ್ನು ತಕ್ಕ ಜಾಗದಲ್ಲಿ ಕೂರಿಸುವ ಜೋಡಣೆಯ ಯಂತ್ರ ಬೇಕು. ಕ್ಯೂಟ್ ಈ ಜೋಡಣೆಯನ್ನು ಫೋನಿನ ಮೇಲೆ ಬಿಡದೆ ತಾನೇ ಮಾಡುತ್ತದೆ. ಆಪ್‌ನ ಜೊತೆಗೇ ಫಾಂಟ್ ಕಟ್ಟಿ ಕಳಿಸಲೂ ಬಿಡುತ್ತದೆ. ಎಲ್ಲವನ್ನೂ ತಾನೇ ಹೊತ್ತು ತಿರುಗುವ ಫ್ರೇಮ್‌ವರ್ಕ್ ಭಾರವೆಂದು ದೂರುವವರಿದ್ದಾರೆ, ದೂರಿನಲ್ಲಿ ಸತ್ಯವೂ ಇದೆ. ಆದರೆ ಫೋನ್ ತಯಾರಕರು ಮರೆತ ಲಿಪಿಗಳವರಿಗೆ ಆ ಭಾರವೇ ಆಸರೆ.

ಭಾರದ ಪ್ರಶ್ನೆ ಆಗ ನಿಜಕ್ಕೂ ದೊಡ್ಡದಾಗಿತ್ತು. ಆಪ್‌ಗಳಿಗೆ ಕೆಲವೇ ನೂರು ಮೆಗಾಬೈಟ್ ಜಾಗವಿದ್ದ ಫೋನ್‌ಗಳಲ್ಲಿ ಪ್ರತಿ ಆಪ್ ತನ್ನದೇ ಕ್ಯೂಟ್ ಹೊತ್ತು ತಂದರೆ ನಡೆಯದು. ಅದಕ್ಕಾಗಿ ‘ಮಿನಿಸ್ಟ್ರೋ’ ಎಂಬ ಸಹಾಯಕ ಆಪ್ ಬಂತು: ಕ್ಯೂಟ್ ಆಪ್ ಒಂದನ್ನು ಮೊದಲ ಸಲ ತೆರೆದಾಗ ಮಿನಿಸ್ಟ್ರೋ ಹಾಕಿಕೊಳ್ಳಿ ಎಂಬ ಕೋರಿಕೆ ಬರುತ್ತಿತ್ತು, ಅದು ಲೈಬ್ರರಿಗಳನ್ನು ಇಳಿಸಿಕೊಂಡು ಎಲ್ಲ ಕ್ಯೂಟ್ ಆಪ್‌ಗಳಿಗೂ ಹಂಚುತ್ತಿತ್ತು. ತಾಂತ್ರಿಕವಾಗಿ ಜಾಣ ಪರಿಹಾರ; ಆದರೆ ಒಂದು ಆಪ್ ಬೇಕೆಂದು ಬಂದವರಿಗೆ ಇನ್ನೊಂದನ್ನು ಹಾಕಿಕೊಳ್ಳಿ ಎಂದರೆ ಗೊಂದಲವಾಗುವುದು ಸಹಜ. ಫೋನ್‌ಗಳ ಜಾಗ ಹಿಗ್ಗಿದ ಮೇಲೆ ಲೈಬ್ರರಿಗಳನ್ನು ಆಪ್‌ನೊಳಗೇ ಇಡುವುದು ವಾಡಿಕೆಯಾಯಿತು.

ಇನ್ನು ಹಕ್ಕಿನ ಮಾತು. ಲಿನಕ್ಸ್‌ನ ಕೆಡಿಇ ಡೆಸ್ಕ್‌ಟಾಪ್ ಅನ್ನು 1996ರಲ್ಲಿ ಮಥಿಯಾಸ್ ಎಟ್ರಿಶ್ ಆರಂಭಿಸಿದಾಗ ಅದು ಕ್ಯೂಟ್ ಮೇಲೆಯೇ ನಿಂತಿತು, ಆದರೆ ಅಂದಿನ ಕ್ಯೂಟ್ ಪೂರ್ಣ ಅರ್ಥದಲ್ಲಿ ಮುಕ್ತ ತಂತ್ರಾಂಶವಾಗಿರಲಿಲ್ಲ, ಅಂದರೆ ಅದರ ಕೋಡ್ ಅನ್ನು ಬದಲಿಸಿ ಹಂಚುವ ಹಕ್ಕು ಎಲ್ಲರಿಗೂ ಇರಲಿಲ್ಲ. ಒಂದು ಕಂಪನಿಯ ಮರ್ಜಿಯ ಮೇಲೆ ಇಡೀ ಡೆಸ್ಕ್‌ಟಾಪ್ ಕಟ್ಟುವುದೇ ಎಂಬ ಆತಂಕಕ್ಕೆ ಉತ್ತರವಾಗಿ 1998ರಲ್ಲಿ ‘ಕೆಡಿಇ ಫ್ರೀ ಕ್ಯೂಟ್ ಫೌಂಡೇಶನ್’ ಹುಟ್ಟಿತು: ಒಡೆಯರು ಹನ್ನೆರಡು ತಿಂಗಳು ಮುಕ್ತ ಆವೃತ್ತಿ ಹೊರತರದಿದ್ದರೆ ಕ್ಯೂಟ್ ಅನ್ನು ಉದಾರ ಪರವಾನಗಿಯಡಿ ಬಿಡುಗಡೆ ಮಾಡುವ ಅಧಿಕಾರ ಈ ಸಂಸ್ಥೆಗಿದೆ. 2000ದಲ್ಲಿ ಕ್ಯೂಟ್‌ಗೆ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿ ಬಂತು, 2009ರಲ್ಲಿ ಇನ್ನೂ ಸಡಿಲವಾದ ಎಲ್‌ಜಿಪಿಎಲ್. ಈ ಕಾಗದಪತ್ರಗಳು ಬೇಸರದವೆಂದು ಪ್ರೋಗ್ರಾಮರುಗಳು ಕಡೆಗಣಿಸುವುದುಂಟು. ಅವು ಇರದಿದ್ದರೆ 2011ರ ಫೆಬ್ರವರಿಯಲ್ಲಿ ವಾತ್ರಾ ಮಾಡಿದ ಕೆಲಸವನ್ನು ಅವರ ಕಂಪ್ಯೂಟರಿನಿಂದ ಆಚೆಗೆ ಕಳಿಸಲೂ ಆಗುತ್ತಿರಲಿಲ್ಲ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ನೋಕಿಯಾದ ಘೋಷಣೆಯಾಗಿ ಒಂದು ತಿಂಗಳಿಗೆ, ಮಾರ್ಚ್‌ನಲ್ಲಿ, ಕೆಡಿಇ ಮತ್ತು ಕ್ಯೂಟ್ ಕುರಿತ ಸಮ್ಮೇಳನ ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ನಡೆಯಿತು, ಸಮುದಾಯ ಚದುರಿರಲಿಲ್ಲ.

ನೆಸೆಸಿಟಾಸ್ ಬಳಿಕ ಕೆಡಿಇಯ ಆಶ್ರಯಕ್ಕೆ ಬಂತು. 2011ರ ಅಕ್ಟೋಬರ್‌ನಲ್ಲಿ ಕ್ಯೂಟ್‌ನ ಅಭಿವೃದ್ಧಿ ಮುಕ್ತ ಆಡಳಿತಕ್ಕೆ ಒಳಪಟ್ಟು, ಹೊರಗಿನವರ ಕೋಡ್‌ಗೂ ಒಳಗಿನವರದಕ್ಕೂ ಒಂದೇ ಬಾಗಿಲಾಯಿತು. 2012ರಲ್ಲಿ ನೋಕಿಯಾ ಕ್ಯೂಟ್ ಅನ್ನು ಫಿನ್ಲೆಂಡಿನದೇ ಆದ ಡಿಜಿಯಾ ಕಂಪನಿಗೆ ಮಾರಿತು. ಅದೇ ನವೆಂಬರ್‌ನಲ್ಲಿ ನೆಸೆಸಿಟಾಸ್ ಕೋಡ್ ಕ್ಯೂಟ್ ಯೋಜನೆಯ ಪಾಲಾಯಿತು. ಆ ಡಿಸೆಂಬರ್‌ನಲ್ಲಿ ಬಂದ ಕ್ಯೂಟ್ 5ರಲ್ಲಿ ಲೈಟ್‌ಹೌಸ್ ರಚನೆಯೇ ಎಲ್ಲ ವ್ಯವಸ್ಥೆಗಳಿಗೂ ಬುನಾದಿ. 2013ರ ಡಿಸೆಂಬರ್‌ನ 5.2 ಆವೃತ್ತಿಯಲ್ಲಿ ಆಂಡ್ರಾಯ್ಡ್ ಮತ್ತು ಐಒಎಸ್ ಎರಡಕ್ಕೂ ಪೂರ್ಣ ಬೆಂಬಲ ದೊರೆಯಿತು.

ಫ್ರೇಮ್‌ವರ್ಕ್ ಫೋನಿಗೆ ಬಂದರೆ ಅದರ ಮೇಲೆ ಬರೆದ ಆಪ್ ತಾನಾಗಿ ಹಿಂಬಾಲಿಸುತ್ತದೆಯೇ? ಇದಕ್ಕೆ ಕ್ಯೂಜಿಐಎಸ್ ಎಂಬ ಭೂಪಟ ತಂತ್ರಾಂಶದ ಅನುಭವ ಚೆನ್ನಾಗಿ ಉತ್ತರಿಸುತ್ತದೆ. 2011ರಲ್ಲಿ ಗೂಗಲ್‌ನ ಬೇಸಿಗೆ ಯೋಜನೆಯಡಿ (ಗೂಗಲ್ ಸಮ್ಮರ್ ಆಫ್ ಕೋಡ್) ಅದನ್ನು ನೆಸೆಸಿಟಾಸ್ ಮೂಲಕ ಆಂಡ್ರಾಯ್ಡ್‌ಗೆ ಒಯ್ಯಲಾಯಿತು. ಓಡಿತು, ಆದರೆ ಸಾಲುಸಾಲು ಮೆನುಗಳು, ಮೌಸ್‌ನ ಮೊನೆಗೆಂದು ಮಾಡಿದ ಚಿಕ್ಕ ಚಿತ್ರಗುಂಡಿಗಳು ಹಾಗೇ ಫೋನಿನ ಪರದೆಗೆ ಇಳಿದಿದ್ದವು. ಬಿಸಿಲಲ್ಲಿ ನಿಂತು ಒಂದು ಕೈಯಲ್ಲಿ ಫೋನ್ ಹಿಡಿದು ಬಾವಿಯ ಜಾಗ ಗುರುತಿಸುವವರಿಗೆ ಅದು ಒಗ್ಗುವಂಥದ್ದಲ್ಲ. ಮುಂದೆ ಬಂದ ‘ಕ್ಯೂಫೀಲ್ಡ್’ ಆಪ್, ಭೂಪಟದ ಲೆಕ್ಕಾಚಾರ ಮಾಡುವ ಕ್ಯೂಜಿಐಎಸ್‌ನ ಒಳತಿರುಳನ್ನು ಹಾಗೇ ಉಳಿಸಿಕೊಂಡು, ಮೇಲಿನ ಮುಖವನ್ನು ಬೆರಳಿಗೆಂದೇ ಹೊಸದಾಗಿ ಬರೆಯಿತು. ಕಚೇರಿಯ ಕಂಪ್ಯೂಟರಿನಲ್ಲಿ ಸಿದ್ಧಮಾಡಿದ ಭೂಪಟ ಹೊಲದ ಬದುವಿನಲ್ಲಿ ನಿಂತವರ ಅಂಗೈಯಲ್ಲಿ ತೆರೆದುಕೊಳ್ಳುತ್ತದೆ, ಅಲ್ಲಿ ಗುರುತಿಸಿದ ಬಿಂದು ಸಂಜೆ ಕಚೇರಿಯ ಭೂಪಟಕ್ಕೆ ಸೇರುತ್ತದೆ. ಎರಡು ಕಡೆಯೂ ಒಳಗೆ ದುಡಿಯುತ್ತಿರುವುದು ಒಂದೇ ಸಿ ಪ್ಲಸ್ ಪ್ಲಸ್ ಕೋಡ್.