ಒಂದೇ ಮೈಕಿಗೆ ಸಿಕ್ಕ ಗುಡುಗು

ಧ್ವನಿಮುದ್ರಣಕ್ಕೆ ಬರುವ ಎಳೆಯ ರಾಕ್ ತಂಡಗಳು ನನ್ನನ್ನು ಆಗಾಗ ಕೇಳಿಕೊಳ್ಳುವುದುಂಟು: 'ಸರ್, ಹಾಡು ಹಸಿಹಸಿಯಾಗಿ ಕೇಳಿಸಬೇಕು. ಮಿಕ್ಸಿಂಗ್‌ನಲ್ಲಿ ಹಾಗೆ ಮಾಡಿಕೊಡಿ.' ಮಿಕ್ಸಿಂಗ್ ಎಂದರೆ ಮುದ್ರಿಸಿದ ಸದ್ದುಗಳನ್ನು ಆಮೇಲೆ ಹದವಾಗಿ ಬೆರೆಸುವ ಕೆಲಸ. ಆಗ ನಾನು ಅವರನ್ನು ಕೂರಿಸಿ 'ದಿ ಸೋನಿಕ್ಸ್' ತಂಡದ ಹಾಡು ಹಾಕುತ್ತೇನೆ.

ಅಮೆರಿಕದ ವಾಷಿಂಗ್ಟನ್ ರಾಜ್ಯದ ಟಕೋಮಾ ಊರಿನ ಐವರು ಹುಡುಗರು ಇವರು. 1964ರಲ್ಲಿ ಇವರ 'ದಿ ವಿಚ್' ಹಾಡು ಬಂತು, ಮರುವರ್ಷ ಮೊದಲ ಆಲ್ಬಂ. ಗ್ಯಾರೇಜ್ ರಾಕ್, ಅಂದರೆ ಎಳೆಯ ತಂಡಗಳು ನಯನಾಜೂಕಿಲ್ಲದೆ ಅಬ್ಬರಿಸುವ ರಾಕ್, ಎಂದರೆ ಏನೆಂದು ಯಾರಾದರೂ ಕೇಳಿದರೆ ಬೇರೆ ವಿವರಣೆಯೇ ಬೇಡ, ಈ ಆಲ್ಬಂ ಸಾಕು. ಗಾಯಕ ಜೆರಿ ರೋಸ್ಲಿ ಚೀರಿದಾಗ ದನಿಯ ಅಂಚು ಸೀಳಿಹೋಗುತ್ತದೆ. ಉಪಕರಣ ತಾಳುವ ಮಿತಿಯನ್ನು ಶಬ್ದ ಮೀರಿದರೆ ಅಲೆಯ ತುದಿ ಸವೆದು ಚಪ್ಪಟೆಯಾಗುತ್ತದೆ. ಮೂಲದಲ್ಲಿ ಇಲ್ಲದ ಹೊಸ ಸ್ವರಾಂಶಗಳು ಸೇರಿಕೊಳ್ಳುತ್ತವೆ. ನಮ್ಮ ವೃತ್ತಿಯಲ್ಲಿ ಇದನ್ನು ತಪ್ಪೆಂದೇ ಕಲಿಸುತ್ತಾರೆ. ಇಲ್ಲಿ ಹಾಡಿನ ಜೀವ ಇರುವುದೇ ಅದರಲ್ಲಿ.

ನನ್ನನ್ನು ಹೆಚ್ಚು ಕಾಡುವುದು ಬಾಬ್ ಬೆನೆಟ್ ಅವರ ಡ್ರಮ್ಸ್. ಇಂದು ಒಂದು ಡ್ರಮ್ಸ್ ಸೆಟ್ಟಿಗೆ ಎಂಟು ಹತ್ತು ಮೈಕ್ ಇಡುತ್ತೇವೆ. ಅಲ್ಲಿ ಡ್ರಮ್ಸಿಗೆ ಇದ್ದದ್ದು ಒಂದೇ ಮೈಕ್, ಎರಡು ಟ್ರ್ಯಾಕಿನ ಟೇಪ್, ಅಂದರೆ ಇಡೀ ತಂಡದ ಸದ್ದನ್ನು ತುಂಬಲು ಎರಡೇ ಪಟ್ಟಿ. ಅಂಥ ಡ್ರಮ್ಸ್ ಸದ್ದನ್ನು ತಾನು ಬೇರೆಲ್ಲೂ ಕೇಳಿಲ್ಲವೆಂದು ನಿರ್ವಾಣ ತಂಡದ ಕರ್ಟ್ ಕೊಬೇನ್ ಮನಸಾರೆ ಹೊಗಳಿದ್ದರು. ಚೆಂಡೆಗೆ ಮೈಕ್ ಅಂಟಿಸಿ ಇಟ್ಟರೆ ಬರೀ ಪೆಟ್ಟು ಸಿಗುತ್ತದೆ, ಬಯಲು ತುಂಬುವ ಮೊಳಗು ಸಿಗುವುದಿಲ್ಲ, ಇದೂ ಹಾಗೆಯೇ. ಒಂದೇ ಮೈಕ್ ಪೆಟ್ಟಿನ ಜೊತೆ ಕೋಣೆಯನ್ನೂ ಹಿಡಿಯುತ್ತದೆ. 1966ರ 'ಬೂಮ್' ಆಲ್ಬಂ ಹೊತ್ತಿಗಂತೂ ಸದ್ದು ಇನ್ನಷ್ಟು ಮೊಳಗಲೆಂದು ಇವರು ಸ್ಟುಡಿಯೋ ಗೋಡೆಯ ಶಬ್ದನಿರೋಧಕ ಹೊದಿಕೆಯನ್ನೇ ಕಿತ್ತುಹಾಕಿದ್ದರು.

ವಿಮರ್ಶಕರು ಇವರನ್ನು 'ಒರಟು', 'ಕಚ್ಚಾ' ಎಂದು ಮೆಚ್ಚುತ್ತಾರೆ. ಆ ಮೆಚ್ಚುಗೆ ನನಗೆ ಅರ್ಧ ಮಾತ್ರ ಒಪ್ಪಿಗೆ. ಎರಡು ಟ್ರ್ಯಾಕಿನ ಟೇಪಿನಲ್ಲಿ ಆಮೇಲೆ ಒಬ್ಬನ ತಪ್ಪನ್ನು ಮಾತ್ರ ಹೆಕ್ಕಿ ತಿದ್ದಲು ದಾರಿಯಿಲ್ಲ. ಲ್ಯಾರಿ ಪರೈಪಾ ಅವರ ಗಿಟಾರ್, ರಾಬ್ ಲಿಂಡ್ ಅವರ ಸ್ಯಾಕ್ಸೊಫೋನ್, ಇವುಗಳ ನಡುವೆ ನುಗ್ಗುವ ಡ್ರಮ್ಸ್, ಎಲ್ಲವೂ ಒಂದೇ ಉಸಿರಿನಲ್ಲಿ ಬಂದು ಬೀಳುತ್ತವೆ. ಕೈ ಪಳಗದೆ ಇದು ಸಾಧ್ಯವೇ ಇಲ್ಲ.

ಮೊನ್ನೆ ಒಂದು ತಂಡ ಇದನ್ನು ಕೇಳಿ ಸುಮ್ಮನೆ ಕುಳಿತುಬಿಟ್ಟಿತು. ನಾನು ಡ್ರಮ್ಸ್‌ಗೆ ಇಟ್ಟಿದ್ದ ಮೈಕ್‌ಗಳನ್ನೆಲ್ಲ ತೆಗೆದು ಒಂದನ್ನು ಮಾತ್ರ ಉಳಿಸಿದೆ, ಎಲ್ಲರನ್ನೂ ಒಂದೇ ಕೋಣೆಯಲ್ಲಿ ನಿಲ್ಲಿಸಿದೆ. ಮೊದಲೆರಡು ಸಲ ತಾಳ ಚದುರಿತು. ಮೂರನೆಯ ಸಲ ಶಬ್ದದ ಮಟ್ಟ ತೋರಿಸುವ ಮೀಟರಿನ ಮುಳ್ಳು ಮಿತಿ ದಾಟಿ ಕೆಂಪಿಗೆ ಹೋಗಿ ಅಲ್ಲೇ ನಡುಗಿತು, ನಾನು ಇಳಿಸಲಿಲ್ಲ. ಗಾಯಕಿಯ ದನಿ ಡ್ರಮ್ಸ್ ಮೈಕಿಗೂ ಇಳಿದಿತ್ತು. ಅದನ್ನು ಹಾಗೆಯೇ ಇಟ್ಟುಕೊಂಡೆವು.