ಬದುವಿನ ಹೆಂಟೆ ಕರಗಲಿಲ್ಲ

ಗೆಳೆಯರೊಬ್ಬರ ಮೆಕ್ಕೆಜೋಳದ ಹೊಲ ಜಗಳೂರಿನ ಕಡೆಗಿದೆ. ಅಲ್ಲಿಂದ ಎರಡು ಹೆಂಟೆ ಮಣ್ಣು ತಂದಿದ್ದೆ. ಒಂದು ಹೊಲದ ನಡುವಿನದು, ಇನ್ನೊಂದು ಅದೇ ಹೊಲದ ಬದುವಿನ ಹುಲ್ಲಿನ ಬುಡದ್ದು. ನೆರಳಲ್ಲಿ ಒಣಗಿಸಿ, ಎರಡು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಟ್ಟೆ. ಹೊಲದ ಹೆಂಟೆ ಗುಳುಗುಳು ಗುಳ್ಳೆ ಬಿಡುತ್ತಾ ಎರಡೇ ನಿಮಿಷಕ್ಕೆ ಕುಸಿದು ಕೆಸರಾಯಿತು. ಬದುವಿನದು ಕಾಲು ಗಂಟೆಯಾದರೂ ಹಾಗೇ ಕೂತಿತ್ತು. ನೀರೂ ತಿಳಿಯಾಗಿತ್ತು.

ಮಣ್ಣು ಒಂದೇ, ಮಳೆ ಒಂದೇ ಅಲ್ವಾ? ಆದರೆ ಬದುವಿನಲ್ಲಿ ವರ್ಷವಿಡೀ ಬೇರಿದೆ, ನೇಗಿಲು ತಾಗಿಲ್ಲ. ಗಿಡ ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಅದರಲ್ಲೊಂದು ಪಾಲು ಬೇರಿನಿಂದ ಮಣ್ಣಿಗೆ ಒಸರುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಅಂಟು ಬಿಡುತ್ತವೆ. ಆ ಅಂಟು ಮಣ್ಣನ್ನು ಸಣ್ಣ ಸಣ್ಣ ಹರಳುಗಳಾಗಿ ಕಟ್ಟುತ್ತದೆ. ಇಂಗಾಲ ಬಚ್ಚಿಟ್ಟುಕೊಳ್ಳುವುದು ಆ ಹರಳುಗಳ ಒಳಗೆ, ಜೇಡಿಗೆ ಅಂಟಿಕೊಂಡು. ಅದಕ್ಕೇ ಜೇಡಿ ಹೆಚ್ಚಿರುವ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಕೆಂಪು ಮಸಾರಿಗಿಂತ ಜಾಸ್ತಿ ಇಂಗಾಲ ಹಿಡಿಯಬಲ್ಲದು.

ರೋಟಾವೇಟರ್ ಮತ್ತೆ ಮತ್ತೆ ಹೊಡೆದರೆ ಹರಳು ಪುಡಿಯಾಗುತ್ತದೆ. ಒಳಗೆ ಅಡಗಿದ್ದದ್ದು ಸೂಕ್ಷ್ಮಜೀವಿಗಳ ಬಾಯಿಗೆ ಸಿಗುತ್ತದೆ. ಅವು ತಿಂದು ಉಸಿರಾಡುತ್ತವೆ, ಇಂಗಾಲ ಮತ್ತೆ ಗಾಳಿಗೆ. ನಮ್ಮ ಬಿಸಿಲಿಗೆ ಈ ಕೆಲಸ ಇನ್ನೂ ಬೇಗ ನಡೆಯುತ್ತದೆ.

ಭೂಮಿಯ ಮೇಲಿನ ಒಂದು ಮೀಟರ್ ಮಣ್ಣಿನಲ್ಲಿರುವ ಸಾವಯವ ಇಂಗಾಲ, ಗಾಳಿಯಲ್ಲಿರುವ ಇಂಗಾಲದ ಒಂದೂವರೆ ಪಟ್ಟಿಗೂ ಹೆಚ್ಚು. ನಮ್ಮ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ' ಎಂದಿರುತ್ತದೆ. ಎಷ್ಟೋ ರೈತರು ಯೂರಿಯಾ ಎಷ್ಟು ಎಂದಷ್ಟೇ ನೋಡಿ ಕಾರ್ಡ್ ಮಡಚಿಡುತ್ತಾರೆ. ಆ ಸಾಲನ್ನು ದಯವಿಟ್ಟು ಓದಿ. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಇಂಗಾಲ ಶೇ. 0.5ರಿಂದ 0.6ಕ್ಕೆ ಏರಿದರೆ, ಅದೇ 900 ಕಿಲೋ ಇಂಗಾಲ. ಅಂದರೆ 3.3 ಟನ್ ಇಂಗಾಲದ ಡೈಆಕ್ಸೈಡ್ ಗಾಳಿಯಿಂದ ಇಳಿದಂತೆ.

ಇದು ಒಂದೆರಡು ವರ್ಷದಲ್ಲಿ ಆಗುವ ಮಾತಲ್ಲ. ಮಣ್ಣಿಗೆ ಸೇರಿದ ದಂಟಿನ ಇಂಗಾಲದಲ್ಲಿ ಬಹುಪಾಲು ಕೊಳೆತು ಗಾಳಿಗೇ ಹೋಗುತ್ತದೆ, ಉಳಿಯುವುದು ಸ್ವಲ್ಪ. ಮಣ್ಣು ಹಿಡಿಯುವುದಕ್ಕೂ ಒಂದು ಮಿತಿ ಇದೆ. ಕಾರ್ಖಾನೆಯ ಹೊಗೆಗೆಲ್ಲ ಹೊಲವೇ ಮದ್ದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಹರಳುಗಟ್ಟಿದ ಮಣ್ಣು ಮಳೆ ನೀರನ್ನು ಕುಡಿಯುತ್ತದೆ. ಚಳ್ಳಕೆರೆ, ಹಿರಿಯೂರಿನಂಥ ಒಣ ಸೀಮೆಗೆ ಇದೊಂದೇ ಸಾಕು.

ದಂಟಿಗೆ ಬೆಂಕಿ ಹಚ್ಚಿದರೆ ಆ ಸ್ವಲ್ಪವೂ ಇಲ್ಲ. ದನಕ್ಕೆ ಹಾಕಿ, ಉಳಿದದ್ದನ್ನು ಸಾಲಿನಲ್ಲೇ ಹರಡಿ. ಕುರಿ ಮಂದೆ ನಿಲ್ಲಿಸುವ ನಮ್ಮ ಹಳೆಯ ರೂಢಿಯೂ ಒಳ್ಳೆಯದೇ. ಆದರೆ ಆ ಗೊಬ್ಬರ ಇನ್ನೆಲ್ಲೋ ಮೇದ ಹುಲ್ಲಿನದು, ನಿಮ್ಮ ಹೊಲವೇ ಗಾಳಿಯಿಂದ ಇಳಿಸಿಕೊಂಡದ್ದಲ್ಲ.

ಗೆಳೆಯರು ಈ ಸಲ ಮೆಕ್ಕೆಜೋಳದ ನಡುವೆ ಅಕ್ಕಡಿ ಸಾಲಾಗಿ ತೊಗರಿ ಹಾಕಿದ್ದಾರೆ. ತೆನೆ ಮುರಿದಾದ ಮೇಲೂ ತೊಗರಿ ಹಸಿರಾಗಿಯೇ ನಿಂತಿದೆ, ಬೇರು ಆಳಕ್ಕೆ ಇಳಿಯುತ್ತಿದೆ. ಕೊಯ್ಲಿನಲ್ಲಿ ಗಿಡ ಕೀಳಬೇಡಿ, ಬುಡಕ್ಕೆ ಕೊಯ್ದು ಬೇರನ್ನು ಮಣ್ಣಲ್ಲೇ ಬಿಡಿ ಅಂತ ಹೇಳಿ ಬಂದಿದ್ದೇನೆ.