ಕಾಮಾಠಿಪುರ: ಕೂಲಿಗಳ ಹೆಸರಿನ ಊರು

ವೇಶ್ಯಾವಾಟಿಕೆಗೆ ಹೆಸರಾದ ಮುಂಬೈನ ಕಾಮಾಠಿಪುರದ ಬಗ್ಗೆ ಓದುವಾಗ ಮೊದಲು ಒಂದು ತಪ್ಪು ತಿದ್ದಿಕೊಳ್ಳಿ. ಈ ಹೆಸರಿಗೂ ‘ಕಾಮ’ಕ್ಕೂ ಸಂಬಂಧವಿಲ್ಲ. ಕಾಮಾಠಿಗಳು ಅಂದರೆ ತೆಲುಗು ಸೀಮೆಯಿಂದ ಬಂದ ಕಟ್ಟಡ ಕೂಲಿಗಳು. 1784ರ ಹೊತ್ತಿಗೆ ಹಾರ್ನ್‌ಬಿ ವೆಲ್ಲಾರ್ಡ್ ಒಡ್ಡು ಮುಗಿದು, ಸಮುದ್ರ ನುಗ್ಗುತ್ತಿದ್ದ ತಗ್ಗು ಜಾಗ ಒಣಗಿತು. ಮುಂದೆ ಅಲ್ಲಿ ಈ ಕೂಲಿಗಳು ನೆಲೆಸಿದರು.

ಮತ್ತೆ ಅದು ಕೆಂಪುದೀಪದ ಪ್ರದೇಶ ಆಗಿದ್ದು ಹೇಗೆ? ಬಂದರು, ಗಿರಣಿ, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ದುಡಿಯಲು ಬಂದ ಗಂಡಸರು ಅಂತ ಎಲ್ಲರೂ ಬರೆಯುತ್ತಾರೆ. ಅದು ಅರ್ಧ ಉತ್ತರ ಅಷ್ಟೇ. ಇನ್ನರ್ಧ ಸರ್ಕಾರದ್ದು. ಸೈನಿಕರಿಗೆ, ನಾವಿಕರಿಗೆ ಲೈಂಗಿಕ ರೋಗ ತಗಲಬಾರದೆಂದು 1868ರಲ್ಲಿ ಬ್ರಿಟಿಷರು ತಂದ ಕಾಯ್ದೆಯಡಿ ವೇಶ್ಯಾವೃತ್ತಿಯ ಹೆಂಗಸರ ಹೆಸರು ನೋಂದಾಯಿಸಿ, ಬಲವಂತವಾಗಿ ತಪಾಸಣೆ ಮಾಡಿ, ರೋಗ ಕಂಡರೆ ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಅವರ ಹತ್ತಿರ ಬರುತ್ತಿದ್ದ ಗಿರಾಕಿಗಳಿಗೆ ಈ ಕಾಯ್ದೆಯಲ್ಲಿ ತಪಾಸಣೆಯೇ ಇರಲಿಲ್ಲ! 1888ರಲ್ಲಿ ಅದು ರದ್ದಾಯಿತು. ಆದರೆ ಇಂಥವರು ಇಂಥ ಗಲ್ಲಿಯಲ್ಲೇ ಇರಲಿ ಅನ್ನುವ ಪೊಲೀಸರ ಲೆಕ್ಕಾಚಾರ ಹೋಗಲಿಲ್ಲ. ಯುರೋಪಿನ ಹೆಂಗಸರಿದ್ದ ಕರ್ಸೆಟ್‌ಜಿ ಸುಖ್ಲಾಜಿ ಬೀದಿಗೆ ಜನ ‘ಸಫೇದ್ ಗಲ್ಲಿ’ (ಬಿಳಿಯರ ಗಲ್ಲಿ) ಅಂತಲೇ ಹೆಸರಿಟ್ಟಿದ್ದರು.

ಒಳಗಿನ ಬದುಕು ಹೇಗಿತ್ತು ಅನ್ನೋದಕ್ಕೆ 1917ರ ಒಂದು ಕೊಲೆ ನೋಡಿ. ಡಂಕನ್ ರಸ್ತೆಯ ವೇಶ್ಯೆಯರ ಮನೆಯೊಂದರಲ್ಲಿದ್ದ ಆಕೂತಾಯಿ ತಪ್ಪಿಸಿಕೊಂಡು ಹೋಗಲು ನೋಡಿದಳು. ಅದಕ್ಕೆ ಆ ಮನೆ ನಡೆಸುವವರು ಹಿಂಸೆ ಕೊಟ್ಟು ಕೊಂದರು. ಓದಿದಾಗ ಕರುಳು ಹಿಂಡುತ್ತದೆ.

ನಮ್ಮ ಕಡೆಯವರು ಇಲ್ಲಿ ತಪ್ಪದೆ ಗಮನಿಸಬೇಕಾದದ್ದು ದೇವದಾಸಿ ಪದ್ಧತಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ, ಅಂದರೆ ದೇವಿಗೆ ಬಿಟ್ಟ ಎಷ್ಟೋ ಹುಡುಗಿಯರು ಕಾಮಾಠಿಪುರ ಸೇರಿದರು. ಹೆಚ್ಚಿನವರು ದಲಿತರು, ಬಡವರು. ಇದನ್ನು ಬರೀ ‘ಮೂಢನಂಬಿಕೆ’ ಅಂತ ಬರೆದು ಮುಗಿಸಬೇಡಿ. ಜಾತಿ, ಬರಗಾಲ, ಸಾಲ ಎಲ್ಲಾ ಸೇರಿ ಅವರನ್ನು ಅಲ್ಲಿಗೆ ದೂಡಿದವು. ಮುತ್ತು ಕಟ್ಟುವುದನ್ನು ನಿಷೇಧಿಸಿ ಕರ್ನಾಟಕ ಕಾಯ್ದೆ ಮಾಡಿದ್ದು 1982ರಲ್ಲಿ. ಬಾಂಬೆ ಪ್ರಾಂತ್ಯದಲ್ಲಿ 1934ರಲ್ಲೇ ಒಂದು ಕಾಯ್ದೆ ಬಂದಿತ್ತು.

ಇನ್ನು ವೇಶ್ಯಾವಾಟಿಕೆ ಬಗ್ಗೆ ಇರುವ 1956ರ ಕಾಯ್ದೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ವಯಸ್ಕ ಹೆಂಗಸು ತಾನಾಗಿ ಈ ಕೆಲಸ ಮಾಡುವುದು ಅಪರಾಧವಲ್ಲ. ವೇಶ್ಯೆಯರ ಮನೆ ನಡೆಸುವುದು, ದಲ್ಲಾಳಿತನ, ಬೀದಿಯಲ್ಲಿ ಗಿರಾಕಿ ಕರೆಯುವುದು ಅಪರಾಧ. ಪೊಲೀಸರು ದಾಳಿ ಮಾಡಿದಾಗ ಈ ಹೆಂಗಸರನ್ನು ಬಂಧಿಸಿ ಪೀಡಿಸಬಾರದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಆದರೆ 8ನೇ ಸೆಕ್ಷನ್ ಓದಿ ನೋಡಿ. ಗಿರಾಕಿ ಕರೆದ ಹೆಂಗಸಿಗೆ ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು, ಅದೇ ತಪ್ಪು ಗಂಡಸು ಮಾಡಿದರೆ ಹೆಚ್ಚೆಂದರೆ 3 ತಿಂಗಳು.